ಹನ್ನೊಂದನೇ ಕೋಣೆಯ ಬಟ್ಟಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ರಬ್ಬರ್ ಹಾಲು ಎತ್ತಲು ಹೋಗಿದ್ದ ಕಿಟ್ಟಣ್ಣ ಬಕೆಟನ್ನು ಅಲ್ಲೇ ಬಿಸಾಡಿ ಗುಡ್ಡ ಹತ್ತಿ ಓಡಿ ಬಂದ. ನಮ್ಮ ಹಾಸ್ಟೆಲಿನ ಅಂಗಳದಲ್ಲಿ ನಿಂತು, "ಮಾಸ್ಟ್ರೇ, ನಿಮ್ಮ ಮಕ್ಕಳೆಲ್ಲ ಇದ್ದಾರಾ?" ಎಂದು ಕೇಳಿದ.

"ಇದ್ದಾರೆ. ಕಾಲೇಜಿಗೆ ಹೋಗಿದ್ದಾರೆ."

"ಸರಿ ನೋಡಿದ್ದೀರಾ?"

"ಮೂವತ್ತೆಂಟಕ್ಕೆ ಮೂವತ್ತೆಂಟು. ಎಂತಕ್ಕೆ ಮಾರಾಯ?"

ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಗುಡ್ಡದ ಆಚೆ ಬದಿಯಲ್ಲಿ ಕೆಂಪು ಕಲ್ಲು ಕಡಿದು ಬಿಟ್ಟುಹೋದ ಒಂದು ಕೋರೆ ಉಂಟು, ಮೂರಾಳು ಆಳ. ಅದರ ತಳದಲ್ಲಿ ನೀಲಿ ಅಂಗಿಯ ಹುಡುಗನೊಬ್ಬ ಬಿದ್ದಿದ್ದಾನೆ, ಮೈ ತಣ್ಣಗಾಗಿದೆ ಎಂದು ಹೇಳಿದ.

ಆ ಹುಡುಗ ಯತಿನ್. ಬೆಟ್ಟಂಪಾಡಿಯವನು, ಬಿ.ಕಾಂ. ಎರಡನೇ ವರ್ಷ, ಹನ್ನೊಂದನೇ ಕೋಣೆ. ಭಾನುವಾರ ಸಂಜೆ ಬಿದ್ದವನು ಮರುದಿನ ನಸುಕಿನವರೆಗೆ ಜೀವ ಹಿಡಿದುಕೊಂಡಿದ್ದ ಎಂದು ಡಾಕ್ಟರು ಹೇಳಿದರು. ಆ ಹೊತ್ತಿನಲ್ಲಿ ಅವನು ಒಳಗೇ ಇದ್ದಾನೆ ಎಂದು ಅವನ ತಾಯಿಗೆ ಹೇಳಿದವನು ನಾನು. ಅದು ಹೇಗಾಯಿತು ಎಂದು ಬರೆದಿಡಬೇಕು.

ನನ್ನ ಹೆಸರು ಜತ್ತಪ್ಪ. ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಸುಳ್ಯದ ಹೊರಗಿನ ಈ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದೆ. ಇಲ್ಲಿ ಐದೂವರೆಗೆ ಗಂಟೆ ಹೊಡೆಯುತ್ತದೆ. ಮೂರು ಬಚ್ಚಲು, ಮೂವತ್ತೆಂಟು ಜನ. ಸರದಿ ಹಿಡಿಯಲು ಬಕೆಟುಗಳನ್ನು ಹಿಂದಿನ ದಿನವೇ ಸಾಲಿಗೆ ಇಟ್ಟಿರುತ್ತಾರೆ. ಒಬ್ಬನ ಮನೆಯಿಂದ ಉಪ್ಪಿನಕಾಯಿ ಬಂದರೆ ಮಧ್ಯಾಹ್ನಕ್ಕೆ ಬಾಟಲಿ ಖಾಲಿ. ಒಬ್ಬನಿಗೆ ಜ್ವರ ಬಂದರೆ ಗಂಜಿಯನ್ನು ಇನ್ನೊಬ್ಬ ಹೊತ್ತುಕೊಂಡು ಹೋಗುತ್ತಾನೆ. ಸಂಜೆ ಆರೂವರೆಗೆ ಗೇಟು ಹಾಕಿ, ಅರ್ಧ ಗಂಟೆ ಭಜನೆ, ಆಮೇಲೆ ಊಟ, ಹಾಜರಿ.

ಹಾಜರಿಯಲ್ಲೇ ತೊಂದರೆ ಇತ್ತು. ನನಗೆ ಕಿವಿ ಮಂದ. ಇಲ್ಲದವನ ಹೆಸರು ಕರೆದರೆ ಪಕ್ಕದವನು ಅವನ ದನಿಯಲ್ಲೇ ಓಗೊಡುತ್ತಿದ್ದ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಪ್ರತಿಯೊಬ್ಬನ ಊಟದ ಬಟ್ಟಲಿನಲ್ಲೂ ಹೆಸರು ಕೊರೆದಿದೆ. ಉಂಡವನು ತೊಳೆದು ಕೋಣೆವಾರು ಹಲಗೆಯಲ್ಲಿ ಕವುಚಿಡಬೇಕು. ನಾನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಒದ್ದೆಯಾಗಿದ್ದರೆ ಹುಡುಗ ಒಳಗಿದ್ದಾನೆ. ಒಣಗಿದ್ದರೆ ಹೊರಗೆ. ಮೂರು ಸಲ ಒಣಗಿದ್ದರೆ ಗಂಟುಮೂಟೆ ಕಟ್ಟಿಸಿ ಮನೆಗೆ. ಯತಿನ್‌ಗೆ ಎರಡು ಸಲ ಆಗಿತ್ತು, ಎರಡೂ ವಾಲಿಬಾಲಿನಿಂದ.

ಅಡುಗೆಯ ಪೂವಮ್ಮ ಒಮ್ಮೆ ಹೇಳಿದ್ದಳು: "ಬಟ್ಟಲಿನ ಮುಖ ನೋಡಿದ್ದು ಸಾಕು ಮಾಸ್ಟ್ರೇ. ಮಕ್ಕಳ ಮುಖ ಒಂದು ಸಲ ನೋಡಿ."

"ನೀನು ಸಾರಿಗೆ ಉಪ್ಪು ನೋಡು," ಎಂದಿದ್ದೆ.

ಆ ಭಾನುವಾರ ಯತಿನ್ ಗುಡ್ಡದಾಚೆಯ ಮೈದಾನಕ್ಕೆ ಆಡಲು ಹೋಗಿದ್ದ. ಗೇಟು ಹಾಕುವ ಮೊದಲು ತಲುಪಬೇಕೆಂದು ಕೋರೆಯ ಅಂಚಿನ ಕಾಲುದಾರಿ ಹಿಡಿದಿರಬೇಕು. ಮಳೆಗಾಲದ ಹುಲ್ಲು ಅಂಚನ್ನು ಮುಚ್ಚಿತ್ತು. ನಾವು ಭಜನೆಗೆ ಕುಳಿತು ಸ್ವಲ್ಪ ಹೊತ್ತಾಗಿತ್ತು. ಪೂವಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಗುಡ್ಡದ ಬದಿಯಿಂದ ಯಾರೋ ಕರೆದ ಹಾಗೆ ಕೇಳಿತು."

"ನವಿಲು ಅಕ್ಕಾ," ಎಂದ ಲತೀಶ್. ಅವನು ಯತಿನ್‌ನ ಕೋಣೆಯವನು. "ನಿಮ್ಮನ್ನೇ ಕರೆಯುದು. ಒಂದು ಸಲ ಹೋಗಿ ಬನ್ನಿ, ಪಾಪ."

ಹುಡುಗರೆಲ್ಲ ನಕ್ಕರು. ಈಗ ಈ ಗುಡ್ಡಗಳಲ್ಲಿ ನವಿಲು ಬಹಳ. ಮುಸ್ಸಂಜೆಗೆ ಅವು ಕೂಗುವುದು ಮನುಷ್ಯರು ಕರೆದ ಹಾಗೆಯೇ ಇರುತ್ತದೆ. ದೇವರ ಮುಂದೆ ನಗಬಾರದೆಂದು ಗದರಿಸಿ, ತಾಳ ಗಟ್ಟಿಯಾಗಿ ಹಾಕಿ ಎಂದೆ. ಅವರು ಗಟ್ಟಿಯಾಗಿಯೇ ಹಾಕಿದರು.

ಎಂಟು ಗಂಟೆಗೆ ಯತಿನ್‌ನ ತಾಯಿ ಶರ್ಮಿಳಾ ಫೋನ್ ಮಾಡಿದರು. "ಅವನು ಫೋನ್ ಎತ್ತುದಿಲ್ಲ ಮಾಸ್ಟ್ರೇ. ಮನಸ್ಸಿಗೆ ಎಂತದೋ ಆಗ್ತಾ ಉಂಟು. ಒಂದು ಸಲ ನೋಡ್ತೀರಾ?"

ಫೋನನ್ನು ಕಿವಿಗೆ ಇಟ್ಟುಕೊಂಡೇ ಹಲಗೆಯ ಹತ್ತಿರ ಹೋದೆ. ಹನ್ನೊಂದನೇ ಕೋಣೆಯ ಸಾಲಿನಲ್ಲಿ ಅವನ ಬಟ್ಟಲು ಕವುಚಿತ್ತು. ಮುಟ್ಟಿದೆ. ಬೆರಳಿಗೆ ನೀರು ಹತ್ತಿತು.

"ಊಟ ಮಾಡಿ ಕೋಣೆಗೆ ಹೋಗಿದ್ದಾನೆ ಅಮ್ಮ. ಫೋನಿಗೆ ಚಾರ್ಜ್ ಇಲ್ಲವೋ ಏನೋ. ನಿಶ್ಚಿಂತೆಯಿಂದ ಮಲಗಿ."

ಹನ್ನೊಂದನೇ ಕೋಣೆ ಮಾಳಿಗೆಯಲ್ಲಿದೆ, ಹದಿನಾರು ಮೆಟ್ಟಿಲು. ನನಗೆ ಮಂಡಿನೋವು. ಹತ್ತಲಿಲ್ಲ. ಮರುದಿನ ಗಂಜಿಯ ನಂತರವೂ ಬಟ್ಟಲು ಒದ್ದೆಯಾಗಿತ್ತು.

ಸೋಮವಾರ ಸಂಜೆ ಪೊಲೀಸರು ಹೋದ ಮೇಲೆ ಲತೀಶ್ ನನ್ನ ಕೋಣೆಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ತಡವಾಗಿ ಬರ್ತಾನೆ ಅಂತ ಎಣಿಸಿ ನಾನೇ ನೀರು ಹಾಕಿದ್ದು ಸರ್. ಬರದಿದ್ದಾಗ, ಮನೆಗೆ ಹೋಗಿರಬೇಕು ಅಂತ ಎಣಿಸಿ ಬೆಳಿಗ್ಗೆಯೂ ಹಾಕಿದೆ. ಹೇಳಿದರೆ ಮೂರನೇ ಸಲ ಆಗ್ತಿತ್ತಲ್ಲ."

"ಹೀಗೆ ಎಷ್ಟು ಸಲ ಮಾಡಿದ್ದೀ?"

"ಎಲ್ಲರೂ ಹಾಕುದು ಸರ್. ನಿಮಗೊಬ್ಬರಿಗೇ ಗೊತ್ತಿಲ್ಲದ್ದು."

ಅವನಿಗೆ ಹೊಡೆಯಲೆಂದು ಎದ್ದೆ. ಕೈ ಏಳಲಿಲ್ಲ. ಸುಳ್ಳು ಹೇಳಿದ್ದು ಅವನು ಹೌದು. ಆದರೆ ನನ್ನ ಮೇಲಿನ ಹೆದರಿಕೆಯಿಂದಲ್ಲವೇ ಅವನು ಅದನ್ನು ಕಲಿತದ್ದು?

ಈಗ ಹಾಸ್ಟೆಲು ಬೇರೆಯೇ ಆಗಿದೆ. ಹನ್ನೊಂದನೇ ಕೋಣೆಯವರು ಮಂಚ ಎತ್ತಿಕೊಂಡು ಬೇರೆ ಕೋಣೆಗಳಿಗೆ ಹೋದರು. ಭಜನೆಯ ನಡುವೆ ಗುಡ್ಡದಿಂದ ಕೂಗು ಬಂದರೆ ತಾಳ ತಾನಾಗಿ ನಿಲ್ಲುತ್ತದೆ. ಒಂದು ದಿನ ನಾಲ್ಕೈದು ಹುಡುಗರು ಟಾರ್ಚು ಹಿಡಿದು ಓಡಿದರು. ನವಿಲೇ ಆಗಿತ್ತು. ಕೋರೆಗೆ ಬೇಲಿ ಹಾಕಿಸಿ ಎಂದು ಎರಡು ಕಡೆ ಅರ್ಜಿ ಕೊಟ್ಟೆ. ಜಾಗ ಯಾರದ್ದೆಂದೇ ತೀರ್ಮಾನವಾಗಿಲ್ಲ. ಮೊನ್ನೆ ನೋಡಿದೆ, ಅಂಚಿನ ಹುಲ್ಲಿನಲ್ಲಿ ಹೊಸ ಹೆಜ್ಜೆಗಳಿವೆ. ಹೋಗಬೇಡಿ ಎಂದರೆ "ಇಲ್ಲ ಸರ್" ಎನ್ನುತ್ತಾರೆ. ಮೊದಲು ಅವರ ಮಾತನ್ನು ನಂಬುತ್ತಿರಲಿಲ್ಲ. ಈಗ ನನ್ನ ಬೆರಳನ್ನೂ ನಂಬುವುದಿಲ್ಲ.

ಉತ್ತರಕ್ರಿಯೆಯ ದಿನ ಬೆಟ್ಟಂಪಾಡಿಗೆ ಹೋದೆ. ಶರ್ಮಿಳಾ ಹಿಂಬದಿಯ ಕಟ್ಟೆಯಲ್ಲಿ ಒಬ್ಬರೇ ಕುಳಿತಿದ್ದರು. ಬಟ್ಟಲಿನ ವಿಷಯ ಪೂರ್ತಿ ಹೇಳಿದೆ. ಅವನ ಕೋಣೆಗೆ ಹೋಗಿ ನೋಡದೆ ನಿಮಗೆ ಮಾತು ಕೊಟ್ಟೆ ಎಂದೆ.

ಅವರು, "ನಾವು ಹೊರಟಾಗಿತ್ತು ಮಾಸ್ಟ್ರೇ. ಇವರು ಜೀಪು ತೆಗೆದಿದ್ರು. ನೀವು ಹೇಳಿದ ಮೇಲೆ, ಬೇಡ, ಒಳಗೆ ಇಡಿ ಅಂತ ನಾನೇ ಹೇಳಿದೆ," ಎಂದರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಅವನು ಕರೆದಿರಬಹುದಾ?"

ಇಲ್ಲ ಅಮ್ಮ, ಬಿದ್ದ ಕೂಡಲೇ ಪ್ರಜ್ಞೆ ತಪ್ಪಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಆ ತಾಯಿಗೆ ಒಮ್ಮೆ ಹೇಳಿಯಾಗಿತ್ತು.

"ಕರೆದಿದ್ದಾನೆ," ಎಂದೆ. "ಅಡುಗೆಯ ಪೂವಮ್ಮನಿಗೆ ಕೇಳಿಸಿತ್ತು. ನಾವು ಭಜನೆಯಲ್ಲಿದ್ದೆವು. ನಾನು ಎದ್ದು ಹೋಗಲಿಲ್ಲ."

ಅವರು ನನ್ನನ್ನು ನೋಡದೆ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಹಿಂತಿರುಗುವ ಬಸ್ಸಿನಲ್ಲಿ ಕುಳಿತು, ಜನರ ನಡುವೆ, ಕೈ ಮುಗಿದೆ.

ದೇವರೇ, ನನ್ನ ಕ್ಷಮೆಯ ಮಾತು ಆಮೇಲೆ ಇರಲಿ. ಆ ಮಗು ಇಡೀ ಒಂದು ರಾತ್ರಿ ನಮಗಾಗಿ ಕಾದು ಒಬ್ಬನೇ ಹೋದ. ಇನ್ನು ಅವನನ್ನು ಒಬ್ಬನನ್ನೇ ಬಿಡಬೇಡ. ಅವನ ಮೈಯ ನೋವು ಇಳಿಯಲಿ, ಮನಸ್ಸಿನ ಭಯ ಕಳೆಯಲಿ. ನಿನ್ನ ಪಾದದ ಬಳಿ ಯತಿನ್‌ನ ಆತ್ಮಕ್ಕೆ ಶಾಂತಿ ಸಿಗಲಿ.