ನಾಲ್ಕನೆಯ ವರ್ಷ

ನಾಲ್ಕನೆಯ ವರ್ಷ ಮಾತ್ರ ಸಿಗಲಿಲ್ಲ.

ಅವನು ಸೂಟ್‌ಕೇಸನ್ನು ಮತ್ತೊಮ್ಮೆ ಮಂಚದ ಮೇಲೆ ಬೋರಲು ಹಾಕಿದ. ಆರು ಕಟ್ಟುಗಳು, ಒಂದೊಂದಕ್ಕೂ ಒಂದೊಂದು ರಬ್ಬರ್ ಬ್ಯಾಂಡ್. ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿದಾಗ ಕೊಡುವ ತೆಳು ಚೀಟಿಗಳು: ಮೇಲೆ ದಿನಾಂಕ, ಕೆಳಗೆ ಕೆಲಸಗಾರನ ಸಂಖ್ಯೆ. ಹೆಸರು ಕೇಳದೆ ಕೆಲಸ ಕೊಟ್ಟವರು ಅವನನ್ನು ಮೂವತ್ತೊಂದು ಎಂದು ಕರೆದಿದ್ದರು.

ಏಳು ವರ್ಷ ದೇಶ ಬಿಟ್ಟು ಕದಲಿಲ್ಲವೆಂದು ತೋರಿಸಿದರೆ, ಕಾಗದಪತ್ರವಿಲ್ಲದೆ ಬಂದವರಿಗೂ ಇಲ್ಲೇ ಉಳಿಯುವ ಹಕ್ಕು ಕೊಡುವುದಾಗಿ ಸರ್ಕಾರ ಪ್ರಕಟಿಸಿತ್ತು. ವರ್ಷಕ್ಕೆ ಒಂದು ಪುರಾವೆ. ಇವತ್ತು ಕೊನೆಯ ದಿನ. ಯಾರ ಕಣ್ಣಿಗೂ ಬೀಳದಂತೆ ಬದುಕುವುದನ್ನು ಇಷ್ಟು ಕಷ್ಟಪಟ್ಟು ಕಲಿತವನು, ಈಗ ತಾನು ಕಣ್ಣಿಗೆ ಬಿದ್ದಿದ್ದೆನೆಂದು ಸಾಬೀತು ಮಾಡಬೇಕಾಗಿತ್ತು.

"ಸಿಕ್ತಾ ಮೇಷ್ಟ್ರೇ?"

ಬಾಗಿಲಲ್ಲಿ ಬಡಗಿ ನಿಂತಿದ್ದ. ಏಳು ವರ್ಷದಿಂದ ಇದೇ ಕೋಣೆಯಲ್ಲಿ ಜೊತೆಗಿರುವವನು. ಹೋದ ತಿಂಗಳಷ್ಟೇ ತನ್ನ ವಾಸದ ಕಾರ್ಡು ಪಡೆದವನು. ಇವತ್ತು ಸಾಕ್ಷಿ ಹೇಳಲು ಬರುತ್ತಿದ್ದ. ಇಸ್ತ್ರಿಯ ಅಂಗಿ ತೊಟ್ಟಿದ್ದ. ಇಡೀ ದಿನ ರಜೆ ಹಾಕಿದ್ದ. ಸಾಕ್ಷಿಗೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಯಾತಕ್ಕೆ?

"ಇಲ್ಲ ಅಣ್ಣ."

"ಅದ್ಹೇಗೆ? ಹಿಂದಿನದಿದೆ, ಮುಂದಿನದಿದೆ, ನಡುವಿನ ಒಂದು ವರ್ಷ ಇಲಿ ತಿಂದು ಹೋಯ್ತಾ?"

"ಎಲ್ಲೋ ಕಳೆದಿರಬೇಕು."

"ನನ್ನ ತಮ್ಮನ್ನ ಹಿಡ್ಕೊಂಡು ಹೋದ ವರ್ಷ ಅದು." ಬಡಗಿ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ನೋಡಿ, ಮತ್ತೆ ಅಲ್ಲಿಗೇ ಸಿಕ್ಕಿಸಿದ. "ನಾನು ಸಾಯೋವರೆಗೂ ಮರೆಯಲ್ಲ. ನೀವು ಅದನ್ನೇ ಕಳ್ಕೊಂಡು ಕೂತಿದ್ದೀರಿ ನೋಡಿ!"

ಮಾತಿನಲ್ಲಿ ನಗುವಿತ್ತು. ನಗುವಿನ ಅಡಿಯಲ್ಲಿ ಇನ್ನೇನಿದೆಯೆಂದು ಅವನು ಹುಡುಕಿದ. ಸಿಗಲಿಲ್ಲ. ಸಿಗದಿದ್ದುದೇ ಅನುಮಾನಕ್ಕೆ ಕಾರಣವಾಯಿತು.

ಮೂಲೆಯಲ್ಲಿ ಹಳೆಯ ಹೊದಿಕೆಯಡಿ ಹೊಲಿಗೆ ಯಂತ್ರ ಕುಕ್ಕರಗಾಲಲ್ಲಿ ಕುಳಿತಂತಿತ್ತು. ಬಡಗಿಯ ತಮ್ಮ ದರ್ಜಿಯದು. ಅದನ್ನು ಸರಿಸಲು ಬಡಗಿ ಯಾರಿಗೂ ಬಿಡುತ್ತಿರಲಿಲ್ಲ. ಮೇಷ್ಟ್ರು ಈಗ ತೊಡುತ್ತಿದ್ದ ಕೋಟು ಕೂಡ ಅದೇ ಯಂತ್ರದಿಂದ ಬಂದದ್ದು.

"ಹೆಗಲಲ್ಲಿ ಇನ್ನೂ ಸರಿಯಾಗಿ ಕೂತಿದೆ," ಎಂದ ಬಡಗಿ, ಕೋಟಿನ ಮೇಲೆ ಕೈಯಾಡಿಸುತ್ತ. "ನನ್ನ ತಮ್ಮ ಅಳತೆ ತಗೊಂಡ್ರೆ ತಗೊಂಡ ಹಾಗೇ."

ಮೇಷ್ಟ್ರು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ.

ಬಸ್ಸಿನಲ್ಲಿ ಬಡಗಿಗೆ ಉತ್ಸಾಹ ತಡೆಯಲಾಗುತ್ತಿರಲಿಲ್ಲ. "ಅಲ್ಲ ಮೇಷ್ಟ್ರೇ, ಅಕ್ರಮವಾಗಿ ಕಟ್ಟಿದ ಮನೇನ ಸಕ್ರಮ ಮಾಡ್ತಾರೆ ಅಂತ ಕೇಳಿದ್ದೆ. ಮನುಷ್ಯರನ್ನೂ ಮಾಡ್ತಾರೆ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು. ನಮ್ಮ ಮೇಲೂ ನಂಬರ್ ಪ್ಲೇಟ್ ಹೊಡೆದುಬಿಡ್ತಾರೆ."

ಎದುರು ಸೀಟಿನವನು ಪತ್ರಿಕೆಯ ಪುಟ ತಿರುಗಿಸಿ ಬಹಳ ಹೊತ್ತಾಗಿತ್ತು.

"ಮೆಲ್ಲಗೆ ಮಾತಾಡಿ ಅಣ್ಣ."

"ಇನ್ನೂ ಭಯವೇ? ನನ್ನ ಜೇಬಲ್ಲಿ ಕಾರ್ಡಿದೆ. ನಿಮ್ಮದು ಸಂಜೆಯೊಳಗೆ. ಆಮೇಲೆ ತಮ್ಮನ್ನ ಕರೆಸ್ಕೊಳ್ತೀನಿ. ಊರಿಗೆ ಅಟ್ಟಿದ ಮೇಲೆ ಅಲ್ಲಿ ಬರೀ ಗುಂಡಿ ಹಚ್ಕೊಂಡು ಕೂತಿದ್ದಾನಂತೆ, ಪಾಪ." ಕಿಟಕಿಯತ್ತ ತಿರುಗಿ ಹೇಳಿದ: "ಅವನ ಮೇಲೆ ಯಾರೋ ಬರೆದು ಹಾಕಿದ್ದು. ಆ ಕಾಗದ ವಲಸೆ ಕಚೇರಿಯವರ ಫೈಲಲ್ಲೇ ಇದೆ. ಒಂದಿನ ನೋಡೇ ನೋಡ್ತೀನಿ."

"ನೋಡಿ ಏನು ಮಾಡ್ತೀರಿ?"

"ಏನೂ ಇಲ್ಲ. ಯಾರು ಅಂತ ತಿಳ್ಕೊಬೇಕು, ಅಷ್ಟೆ."

ಬರೆದವನು ಬಡಗಿಯ ಪಕ್ಕದಲ್ಲೇ ಕಂಬಿ ಹಿಡಿದು ಕುಳಿತಿದ್ದ.

ಒಂದು ಕಾಲಕ್ಕೆ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ. ಇಲ್ಲಿ, ಆ ನಾಲ್ಕನೆಯ ವರ್ಷ, ಮೂರು ದಿನ ಒಂದೇ ಸಮನೆ, ಬೀದಿಯ ತಿರುವಿನಲ್ಲಿ ದರ್ಜಿ ಒಬ್ಬ ಸಮವಸ್ತ್ರದವನ ಜೊತೆ ನಗುತ್ತ ಮಾತಾಡುವುದನ್ನು, ತಮ್ಮ ಕಿಟಕಿಯತ್ತ ಬೆರಳು ತೋರುವುದನ್ನು ಕಂಡಿದ್ದ. ಸಮವಸ್ತ್ರದವರ ಸ್ನೇಹ ಮಾಡುವವನು ಸುಳಿವು ಕೊಡುವವನು, ದರ್ಜಿ ಸ್ನೇಹ ಮಾಡಿದ್ದಾನೆ, ಆದ್ದರಿಂದ. ಅವನು ಕೊಡುವ ಮೊದಲೇ ತಾನು ಕೊಟ್ಟುಬಿಟ್ಟರೆ, ಆಮೇಲೆ ಅವನ ಮಾತನ್ನು ಯಾರು ನಂಬುತ್ತಾರೆ? ಲಾಂಡ್ರಿಯ ಬಿಡುವಿನಲ್ಲಿ ಎಡಗೈಯಿಂದ ಆರು ಸಾಲು ಬರೆದು ವಲಸೆ ಕಚೇರಿಯ ವಿಳಾಸಕ್ಕೆ ಅಂಚೆಗೆ ಹಾಕಿದ. ಹಾಡಹಗಲೇ ಬಂದರು. ದರ್ಜಿಯೊಬ್ಬನೇ ಮನೆಯಲ್ಲಿದ್ದ.

ಹದಿನೈದು ದಿನದ ಮೇಲೆ ಅದೇ ಸಮವಸ್ತ್ರದವನು ಬಾಗಿಲು ತಟ್ಟಿದ. ಮೂಲೆಯ ಬ್ಯಾಂಕಿನ ಕಾವಲುಗಾರ. ಕೈಯಲ್ಲಿ ದರ್ಜಿ ಹೊಲಿದುಕೊಟ್ಟ ಅವನ ಕೋಟು. ಒಂದು ಗುಂಡಿ ಹಚ್ಚುವುದು ಬಾಕಿಯಿತ್ತಂತೆ.

ತರ್ಕದಲ್ಲಿ ತಪ್ಪಿರಲಿಲ್ಲ, ಮೊದಲ ವಾಕ್ಯ ಮಾತ್ರ ಸುಳ್ಳಾಗಿತ್ತು. ವರ್ಷದ ಕೊನೆಯ ದಿನವಾಗಿದ್ದ ಅಂದೇ ಅವನು, ಆ ವರ್ಷವೇ ಅಳಿಸಿಹೋಗಲೆಂಬಂತೆ, ಮನೆಯಲ್ಲಿದ್ದ ಅದರ ಚೀಟಿಗಳನ್ನೆಲ್ಲ ಬಕೆಟ್ಟಿನಲ್ಲಿಟ್ಟು ಸುಟ್ಟ. ಹಿಂದಿನ ವರ್ಷಗಳವು ಲಾಂಡ್ರಿಯ ಕಪಾಟಿನಲ್ಲಿದ್ದುದರಿಂದ ಉಳಿದುಕೊಂಡವು. ಸುಟ್ಟವುಗಳಲ್ಲಿ ಒಂದಾದರೂ ತಪ್ಪಿ ಉಳಿದಿರಬಹುದೆಂದೇ ಇವತ್ತು ಸೂಟ್‌ಕೇಸು ಹುಡುಕಿದ್ದು.

ವಲಸೆ ಕಚೇರಿಯ ಮೇಜಿನಾಚೆ ಕುಳಿತ ಅಧಿಕಾರಿಣಿ ನಡುವಯಸ್ಸಿನವಳು, ದಣಿದವಳು, ದಯೆಯುಳ್ಳವಳು. ದಯೆ ಅವನಿಗೆ ಹಿಡಿಸಲಿಲ್ಲ. ಅರ್ಜಿದಾರನ ಕುರ್ಚಿ ಗೋಡೆಯ ಪಕ್ಕ. ಸಾಕ್ಷಿಯದು ಅದಕ್ಕೆ ಎದುರಾಗಿ, ಕಿಟಕಿಗೆ ಬೆನ್ನು ಮಾಡಿ. ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಲಾಂಡ್ರಿಯ ಯಜಮಾನ ಬರೆದುಕೊಟ್ಟ ದೃಢೀಕರಣ ಪತ್ರ ಓದಿದಳು.

"ಮೂವತ್ತೊಂದು ಎಂದರೆ ನೀವೇ?" ಆ ದೇಶದ ಭಾಷೆಯಲ್ಲಿ ಕೇಳಿದಳು.

"ಹೌದು."

"ನಾಲ್ಕನೆಯ ವರ್ಷ?"

"ಇವರು ಸಾಕ್ಷಿಯಿದ್ದಾರೆ."

"ಬರಿಯ ಮಾತು ಸಾಲದು. ದಿನಾಂಕವಿರುವ ಕಾಗದ ಬೇಕು."

ಬಡಗಿ ಮುಂದಕ್ಕೆ ಬಾಗಿದ. "ಇದ್ದರು, ಮೇಡಂ. ನಾನು ಬಲ್ಲೆ. ಆಣೆ ಮಾಡಲೇ?"

ಅವಳು ನಕ್ಕು, ಎದ್ದು ಒಳಗೆ ಹೋದಳು.

"ಒಳ್ಳೆ ಹೆಂಗಸು," ಬಡಗಿ ಪಿಸುಗುಟ್ಟಿದ. "ಏನೋ ಹುಡುಕ್ತಾಳೆ, ನೋಡಿ."

ಹುಡುಕದಿರಲಿ ಎಂದು ಅವನಿಗೇಕೆ ಅನಿಸಿತೋ ತಿಳಿಯಲಿಲ್ಲ.

ಅವಳು ಬರುವಾಗ ಕೈಯಲ್ಲಿ ಅವರ ಮನೆಯ ವಿಳಾಸದ ಕಡತವಿತ್ತು. ಅದರೊಳಗಿಂದ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿಟ್ಟ ತೆಳು ಚೀಟಿಯೊಂದನ್ನು ತೆಗೆದು ಅವನ ಮುಂದಿಟ್ಟಳು. ಲಾಂಡ್ರಿಯ ಮುದ್ರೆ. ನಾಲ್ಕನೆಯ ವರ್ಷದ ದಿನಾಂಕ. ಮೂವತ್ತೊಂದು.

"ಇದು ನಿಮ್ಮದೇ?"

"ನನ್ನದೇ!" ಎಂದ. ಏಳು ವರ್ಷದಲ್ಲಿ ಮೊದಲ ಬಾರಿ ಅವನ ದನಿ ಏರಿತು. ಆಮೇಲೆ ನೆನಪಾಯಿತು. ಆರು ಸಾಲು ಬರೆದ ದಿನ ಜೇಬಿನಲ್ಲಿ ಬೇರೆ ಕಾಗದವಿರಲಿಲ್ಲ. ಒಂದು ಬದಿ ಖಾಲಿಯಿತ್ತು. ಅಷ್ಟು ಯೋಚಿಸಿ ಎಡಗೈ ಬಳಸಿದವನು ಕಾಗದಕ್ಕೆ ಇನ್ನೊಂದು ಬದಿಯಿದೆಯೆಂಬುದನ್ನೇ ಮರೆತಿದ್ದ.

"ನೋಡಿ, ನಿಮ್ಮ ವರ್ಷ ನಮ್ಮಲ್ಲೇ ಇತ್ತು," ಎಂದಳು, ಸಂತೋಷದಿಂದಲೇ. "ಹಿಂಬದಿಯ ಬರಹಕ್ಕೂ ಇವತ್ತಿನ ಅರ್ಜಿಗೂ ಸಂಬಂಧವಿಲ್ಲ. ನಮಗೆ ದಿನಾಂಕ ಮುಖ್ಯ. ಇದು ಇವರದೆಂದು ಸಾಕ್ಷಿ ಸಹಿ ಮಾಡಿದರೆ ಏಳೂ ಪೂರ್ತಿ."

ಚೀಟಿಯನ್ನೂ ನಮೂನೆಯನ್ನೂ ಬಡಗಿಯತ್ತ ಸರಿಸಿದಳು.

"ಅಣ್ಣ, ಇಲ್ಲಿ, ಕೆಳಗೆ. ಬೇಗ ಹಾಕಿ. ಹೊರಗೆ ಜನ ಕಾಯ್ತಿದ್ದಾರೆ."

"ತಾಳಿ ಮೇಷ್ಟ್ರೇ." ಬಡಗಿ ಚೀಟಿ ಎತ್ತಿಕೊಂಡ. "ಓದದೆ ಎಲ್ಲೂ ಸಹಿ ಹಾಕಬೇಡಿ ಅಂದಿದ್ದು ಯಾರು? ನೀವೇ ತಾನೆ?"

ಆರು ತಿಂಗಳು, ಪ್ರತಿ ಭಾನುವಾರ, ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಳಿತು ಬಡಗಿಗೆ ಈ ಭಾಷೆಯ ಅಕ್ಷರ ಕಲಿಸಿದವನು ಅವನೇ. ಕಾರ್ಡಿನ ಪರೀಕ್ಷೆಗೆಂದು.

"ಚಾಳೀಸು ಮನೇಲೇ ಬಿಟ್ಟೆ ನೋಡಿ," ಎನ್ನುತ್ತ ಬಡಗಿ ಚೀಟಿಯನ್ನು ಕೈಯಳತೆಯಷ್ಟು ದೂರ ಹಿಡಿದ. ಮುಂಬದಿ ಓದಿ ತಲೆಯಾಡಿಸಿದ. ತಿರುಗಿಸಿದ. ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟ, ಕಲಿಸಿದ ಹಾಗೆಯೇ.

"ಮಾನ್ಯರೇ..." ಅಕ್ಷರ ಕೂಡಿಸಿದ. "ಅರೆ, ನಮ್ಮ ಮನೆ ವಿಳಾಸ!"

ನನ್ನದಲ್ಲ, ತಪ್ಪಾಯಿತು ಎಂದು ಈಗಲೂ ಹೇಳಬಹುದಿತ್ತು. ಚೀಟಿ ಕಡತಕ್ಕೆ ಮರಳುತ್ತಿತ್ತು. ಅವನು ಎಲ್ಲಿಂದ ಬಂದಿದ್ದನೋ ಅಲ್ಲಿಗೆ. ಅಧಿಕಾರಿಣಿ ಮುದ್ರೆಯನ್ನು ಶಾಯಿಗೆ ಒತ್ತಿ ಸಿದ್ಧವಾಗಿ ಹಿಡಿದಿದ್ದಳು.

ಕಿಟಕಿಯ ಬಿಸಿಲು ಬಡಗಿಯ ಹಿಂದಿನಿಂದ ತೆಳು ಕಾಗದವನ್ನು ದಾಟಿ ಬರುತ್ತಿತ್ತು. ಅವನ ಕಡೆಗೆ ಕಾಣುತ್ತಿದ್ದುದು ದಿನಾಂಕ, ಮತ್ತು ಮೂವತ್ತೊಂದು. ಆ ಅಂಕಿಗಳ ಹಿಂದೆ ಎಡಬಲ ತಿರುಗಿದ ಅಕ್ಷರಗಳ ಆರು ಸಾಲು. ಅವುಗಳ ನಡುವೆ ಒಂದು ಬೆರಳಿನ ನೆರಳು. ನೆರಳು ಒಂದು ಪದದ ಕೆಳಗೆ ನಿಂತು, ತಡವರಿಸಿ, ಮುಂದಿನದಕ್ಕೆ ಸರಿಯಿತು. ಅಲ್ಲಿಯೂ ನಿಂತಿತು. ಮತ್ತೆ ಸರಿಯಿತು.

ಅವನು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳತೊಡಗಿದ.