ಬಿಳಿಯ ಮೇಲೆ ಬಿಳಿ

"ಹತ್ತು ಶಬ್ದ ಸಾಕು ಭಯ್ಯಾ," ಎಂದಳು ಹರಿಣಿ, ಕೀಲಿಮಣೆಯ ಮೇಲಿಂದ ಕೈ ತೆಗೆಯದೆ. "ಹುಡುಗ್ರು ಗೂಗಲ್‌ನಲ್ಲಿ ಏನು ಟೈಪ್ ಮಾಡ್ತಾರೆ, ಬಸ್, ಅಷ್ಟೇ. ಆ ವರ್ಡ್ಸ್ ನಮ್ಮ ಪೇಜಲ್ಲಿ ಇದ್ರೆ ನಾವು ಸಿಗ್ತೀವಿ. ಇಲ್ದಿದ್ರೆ ಬುಧವಾರ ಕ್ಲಾಸ್ ಶುರುವಾದ್ರೂ ಯಾರಿಗೂ ಗೊತ್ತೇ ಆಗಲ್ಲ."

ಶನಿವಾರದ ಮಧ್ಯಾಹ್ನ. ದೆಹಲಿಯ ಮುಖರ್ಜಿ ನಗರದಲ್ಲಿ ಮಹಂತೇಶ ಹಿಡಿದಿದ್ದ ಆ ಒಂದೇ ಕೋಣೆಯಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬುಧವಾರದಿಂದ ಅಲ್ಲಿ ಅವನ ಸ್ವಂತ ಕೋಚಿಂಗ್ ಸೆಂಟರ್. ಐಎಎಸ್ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಿಗೆ ಪಾಠ. ಅದೇ ಪರೀಕ್ಷೆ ಬರೆಯಲೆಂದು ಅವನು ಹುನಗುಂದದಿಂದ ಬಂದು ಹತ್ತು ವರ್ಷವಾಗಿತ್ತು. ಎರಡು ಸಲ ಸಂದರ್ಶನದ ತನಕ ಹೋಗಿ ಬಂದ, ಆಮೇಲೆ ವಯಸ್ಸು ಮೀರಿತು. ತಾನು ಮುಳುಗಿದವನು ಊರಿಗೆ ಈಜು ಕಲಿಸಲು ಹೊರಟ ಎಂದು ನಗುವವರು ನಕ್ಕರು. ನಗಲಿ ಬಿಡಿ, ಆ ಬೀದಿಗಳಲ್ಲಿ ಪಾಠ ಹೇಳುವವರಲ್ಲಿ ಮುಕ್ಕಾಲು ಪಾಲು ಅಂಥವರೇ.

ಹರಿಣಿ ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸ. ಕನ್ನಡ ಸಂಘದ ಪರಿಚಯದ ಮೇಲೆ ರಜೆಯ ದಿನಗಳಲ್ಲಿ ಬಂದು ಅವನ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅವಳು ಕೊಟ್ಟ ಹಾಳೆಯ ಮೇಲೆ ಮಹಂತೇಶ ‘ಕನ್ನಡ ಆಪ್ಷನಲ್’ ಎಂದು ಬರೆದ, ‘ಕನ್ನಡ ಲಿಟರೇಚರ್ ಡೆಲ್ಲಿ’ ಎಂದು ಬರೆದ. ಅಲ್ಲಿಗೆ ಪೆನ್ನು ನಿಂತಿತು. ಹುಡುಗರು ನಿಜಕ್ಕೂ ಏನನ್ನು ಹುಡುಕುತ್ತಾರೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರ್ನಾಟಕದಿಂದ ಬಂದು ರೈಲು ಇಳಿಯುವ ಮೊದಲೇ ಅವರ ಬಾಯಲ್ಲಿ ಒಂದು ಹೆಸರಿರುತ್ತಿತ್ತು. ಅವನೂ ಆ ಹೆಸರನ್ನು ನೆಚ್ಚಿಕೊಂಡೇ ಬಂದವನು.

ಬರೆದ. ಗೋಪಿನಾಥ್ ಸರ್ ನೋಟ್ಸ್. ಗೋಪಿನಾಥ್ ಸರ್ ಕ್ಲಾಸ್. ಗೋಪಿನಾಥ್ ಸರ್ ಮುಖರ್ಜಿ ನಗರ. ಗೋಪಿನಾಥ್ ಸರ್ ಕನ್ನಡ ಆಪ್ಷನಲ್. ಓಡಲು ಶುರುಮಾಡಿದ ಕೈ ಅಲ್ಲಿಗೂ ನಿಲ್ಲಲಿಲ್ಲ. ಗೋಪಿನಾಥ್ ಸರ್ ನ್ಯೂ ಅಡ್ರೆಸ್.

"ಯಾರು ಇವ್ರು, ಗೋಪಿನಾಥ್ ಸರ್?"

"ನಮ್ಮ ಗುರುಗಳು."

"ಅಚ್ಛಾ, ಅವ್ರೂ ಇಲ್ಲಿ ಪಾಠ ಮಾಡ್ತಾರಾ?"

"ಇಲ್ಲ."

ಹರಿಣಿ ಒಂದು ಕ್ಷಣ ಅವನ ಮುಖ ನೋಡಿದಳು. "ಹಾಗಾದ್ರೆ ಪೇಜ್ ಮೇಲೆ ಕಾಣೋ ಹಾಗೆ ಹಾಕೋಕಾಗಲ್ಲ. ಕೆಳಗಡೆ ವೈಟ್ ಮೇಲೆ ವೈಟ್ ಹಾಕ್ಬಹುದು. ನೋಡೋರಿಗೆ ಕಾಣ್ಸಲ್ಲ, ಗೂಗಲ್ ಮಾತ್ರ ಓದುತ್ತೆ. ಆದ್ರೆ ಸಿಕ್ಕಿಹಾಕ್ಕೊಂಡ್ರೆ ನಮ್ಮ ಸೈಟನ್ನೇ ತೆಗೆದುಹಾಕ್ತಾರೆ. ನಾನಂತೂ ಬೇಡ ಅಂತೀನಿ ಭಯ್ಯಾ."

"ಎಲ್ಲಾರೂ ಮಾಡ್ತಾರಲ್ಲ?"

"ಮಾಡ್ತಾರೆ."

"ಮತ್ತ ಹಾಕವಾ."

ಹಾಕಿದಳು. ಸರಿಯಾಗಿ ಕೂತಿದೆಯೇ ಎಂದು ನೋಡಲು ಪುಟದ ಮೇಲೆ ಮೌಸ್ ಎಳೆದಾಗ, ಖಾಲಿ ಜಾಗದಲ್ಲಿ ನೀಲಿ ಪಟ್ಟಿ ಎದ್ದು ಅದರೊಳಗೆ ಗುರುಗಳ ಹೆಸರು ಸಾಲುಸಾಲಾಗಿ ನಿಂತಿತು. ಕೈ ಬಿಟ್ಟಕೂಡಲೆ ಮಾಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮಹಂತೇಶನೂ ಪುಟದ ಕೆಳಭಾಗವನ್ನು ನೋಡುವುದನ್ನೇ ಬಿಟ್ಟ.

ಮಾರನೆಯ ದಿನ ಬೆಳಿಗ್ಗೆ ಸೇಬಿನ ಪೊಟ್ಟಣ ಹಿಡಿದು ಗೋಪಿನಾಥರ ಮನೆಗೆ ಹೊರಟ. ಮೊದಲ ಆಮಂತ್ರಣ ಗುರುಗಳಿಗೆ. ಅದನ್ನು ತಪ್ಪಿಸುವಷ್ಟು ಕೆಟ್ಟವನು ತಾನಲ್ಲ ಎಂದು ತನಗೇ ತೋರಿಸಿಕೊಳ್ಳುವ ಆತುರವೂ ಇತ್ತೆನ್ನಿ. ಮನೆ ಎರಡು ಗಲ್ಲಿ ಆಚೆ, ಮೂರನೆಯ ಮಹಡಿ. ಅವನ ಕಾಲದಲ್ಲಿ ಚಪ್ಪಲಿಗಳು ಬಾಗಿಲ ಮುಂದೆ ಹಿಡಿಸದೆ ಮೆಟ್ಟಿಲ ಮೇಲೆಲ್ಲ ಚೆಲ್ಲಿರುತ್ತಿದ್ದವು. ಈಚೆಗೆ ದೊಡ್ಡ ದೊಡ್ಡ ಸೆಂಟರುಗಳು ಎದ್ದ ಮೇಲೆ ಹುಡುಗರು ಕರಗುತ್ತಾ ಬಂದಿದ್ದರು. ಈ ವರ್ಷ ಮೂವರೇ ಎಂದು ಕೇಳಿದ್ದ. ಹೆಸರು ಹುಡುಕಿಕೊಂಡು ಬರುವ ನಾಲ್ಕನೆಯವನನ್ನು ದಾರಿಯಲ್ಲೇ ತನ್ನ ಕಡೆ ತಿರುಗಿಸಿಕೊಳ್ಳುವ ಏರ್ಪಾಡು ನಿನ್ನೆ ತಾನೇ ಆಗಿತ್ತು. ಮೆಟ್ಟಿಲು ಹತ್ತುವಾಗ ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಆದರೂ ಗಂಟೆ ಒತ್ತಿದ.

"ಮಹಂತೇಶ ತಾನೆ? ಎರಡೆರಡು ಮೆಟ್ಟಿಲು ದಾಟ್ಕೊಂಡು ಹತ್ತೋನು ನೀನೊಬ್ಬನೇ," ಎಂದು ಒಳಗಿಂದ ಗೋಪಿನಾಥರ ದನಿ ಬಂತು.

ಮೂವತ್ತೈದನೆಯ ವಯಸ್ಸಿನಲ್ಲಿ ಅವರ ಕಣ್ಣು ಹೋಗಿತ್ತು. ಅಂದಿನಿಂದ ಹಳಗನ್ನಡದಿಂದ ಹಿಡಿದು ಇಡೀ ಪಠ್ಯವನ್ನು ನೆನಪಿನಿಂದಲೇ ಹೇಳುತ್ತಿದ್ದರು. ಅವರ ಹೆಂಡತಿ ವಿಮಲಾ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅವರು ಹೇಳಿದ್ದನ್ನು ಇವರು ಟೈಪ್ ಮಾಡಿದ್ದೇ ಊರೆಲ್ಲ ಓಡಾಡುವ ನೋಟ್ಸ್. ಹತ್ತು ವರ್ಷದ ಭಾನುವಾರಗಳಲ್ಲಿ ಮಹಂತೇಶ ಆ ಮನೆಯಲ್ಲಿ ಉಂಡ ಊಟಕ್ಕೆ ಲೆಕ್ಕವಿಲ್ಲ.

ಕಾಲಿಗೆ ನಮಸ್ಕರಿಸಿ ವಿಷಯ ಹೇಳಿದ. ಗೋಪಿನಾಥರ ಮುಖ ಅರಳಿತು. "ಬಹಳ ಸಂತೋಷ ಕಣಯ್ಯಾ. ನನ್ನ ಪಾಠ ನನ್ನ ಜೊತೇಲೇ ಮುಗಿದುಹೋಗುತ್ತೇನೋ ಅಂದ್ಕೊಂಡಿದ್ದೆ. ವೆಬ್‌ಸೈಟೂ ಮಾಡ್ಸಿದೀಯಂತಲ್ಲ, ಅದರ ವಿಳಾಸ ಹೇಳು."

"ನಿಮಗ್ಯಾಕ್ರಿ ಸರ..." ಎಂದವನು ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

ಗೋಪಿನಾಥರು ಜೋರಾಗಿ ನಕ್ಕರು. "ಕುರುಡನಿಗೆ ಯಾಕೆ ಅಂತಲಾ? ಬಾ ಇಲ್ಲಿ, ಒಂದು ಚಮತ್ಕಾರ ತೋರಿಸ್ತೀನಿ. ಹೋದ ತಿಂಗಳು ಅಂಧರ ಸಂಘದ ಗುರುರಾಜ ಬಂದು ಈ ಕಂಪ್ಯೂಟರಿಗೆ ಓದೋ ಸಾಫ್ಟ್‌ವೇರ್ ಹಾಕಿಕೊಟ್ಟ. ಪುಟದಲ್ಲಿರೋದನ್ನೆಲ್ಲ ಗಟ್ಟಿಯಾಗಿ ಓದುತ್ತೆ. ಏನನ್ನೂ ಬಿಡಲ್ಲ."

ಮಹಂತೇಶನಿಗೆ ವಿಳಾಸ ತಪ್ಪಾಗಿ ಹೇಳುವ ಯೋಚನೆ ಬಂತು. ಆದರೆ ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯ ಮೇಲೆ ಅದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ವಿಮಲಾ ಆಗಲೇ ಅದನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಓದಿ ಗೋಪಿನಾಥರ ಕೈಲಿ ಟೈಪ್ ಮಾಡಿಸಿ ಅಡಿಗೆಮನೆಗೆ ಹೋದರು.

ಯಂತ್ರ ಇಂಗ್ಲಿಷ್ ದೊರೆಯ ದನಿಯಲ್ಲಿ ಶುರುಮಾಡಿತು. ಸೆಂಟರಿನ ಹೆಸರು ಹೇಳಿತು, ಸ್ವಾಗತ ಹೇಳಿತು. ಮಹಂತೇಶನ ಹೆಸರನ್ನು ಮುರಿದು ಮುದ್ದೆ ಮಾಡಿತು. ಗೋಪಿನಾಥರು ತಲೆಯಾಡಿಸುತ್ತಾ ಕೇಳುತ್ತಿದ್ದರು. ತರಗತಿಯ ಸಮಯ ಬಂತು, ಪಠ್ಯದ ವಿವರ ಬಂತು. ಪುಟದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಮಹಂತೇಶನಿಗೆ ಸಾಲುಸಾಲಾಗಿ ಗೊತ್ತಿತ್ತು.

"ಸಾಕ್ರಿ ಸರ. ಉಳಿದದ್ದು ಆಮ್ಯಾಲೆ ಕೇಳೀರಂತ."

"ಇರಯ್ಯಾ. ಅರ್ಧಕ್ಕೆ ಬಿಡೋ ಶಿಷ್ಯರನ್ನ ನಾನು ತಯಾರು ಮಾಡಿಲ್ಲ, ನಾನೇ ಬಿಡ್ತೀನಾ?"

ಫೋನ್ ನಂಬರನ್ನು ಯಂತ್ರ ಒಂದೊಂದೇ ಅಂಕಿಯಾಗಿ ಓದಿತು. ನೋಡುವವರಿಗೆ ಪುಟ ಅಲ್ಲಿಗೆ ಮುಗಿಯಿತು. ಯಂತ್ರಕ್ಕೆ ಮುಗಿಯಲಿಲ್ಲ.

"ಗೋಪಿನಾತ್ ಸರ್ ನೋಟ್ಸ್," ಎಂದಿತು. "ಗೋಪಿನಾತ್ ಸರ್ ಕ್ಲಾಸ್. ಗೋಪಿನಾತ್ ಸರ್ ಮುಕರ್ಜಿ ನಗರ್. ಗೋಪಿನಾತ್ ಸರ್ ಕನ್ನಡ ಆಪ್ಷನಲ್."

ಗೋಪಿನಾಥರ ಕೈ ಕೀಲಿಮಣೆಯ ಮೇಲೆ ನಿಂತಿತು. "ಏನಯ್ಯಾ ಇದು," ಎಂದರು ಮೆಲ್ಲಗೆ. "ಇಷ್ಟು ಸಲ ಬರೀಬೇಕಿತ್ತಾ? ಒಂದು ಸಲ ನೆನೆದಿದ್ರೆ ಸಾಕಿತ್ತಪ್ಪ. ವಿಮಲಾ, ಬಾರೇ ಇಲ್ಲಿ! ಮಹಂತೇಶ ತನ್ನ ಸೈಟಿನಲ್ಲಿ ನನ್ನ ಹೆಸರು ಬರೆಸಿದಾನೆ. ಕೇಳು ಬಾ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಮಹಂತೇಶನಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಉಂಡ ಮನೆಗೆ ಎರಡು ಬಗೆದವನನ್ನು ಅವರು ಕೊಂಡಾಡುತ್ತಿದ್ದರು.

ವಿಮಲಾ ಉಪ್ಪಿಟ್ಟಿನ ತಟ್ಟೆ ಹಿಡಿದೇ ಬಂದು ಪರದೆಗೆ ಬಗ್ಗಿದರು. "ಎಲ್ರೀ? ಇಲ್ಲೇನೂ ಇಲ್ವಲ್ಲ. ಫೋನ್ ನಂಬರ್ ಆದ್ಮೇಲೆ ಖಾಲಿ."

"ಕಣ್ಣಿರೋರ ಹಣೆಬರಹವೇ ಇಷ್ಟು," ಎಂದು ಗೋಪಿನಾಥರು ನಕ್ಕು ಮತ್ತೆ ಕೀಲಿ ಒತ್ತಿದರು. "ಗೋಪಿನಾತ್ ಸರ್ ನ್ಯೂ ಅಡ್ರೆಸ್," ಎಂದಿತು ಯಂತ್ರ.

"ಹೊಸ ವಿಳಾಸ?" ಗೋಪಿನಾಥರ ಹುಬ್ಬು ಗಂಟಾಯಿತು. "ನಾನೆಲ್ಲೂ ಹೋಗಿಲ್ಲವಲ್ಲ."

ವಿಮಲಾ ತಲೆಯೆತ್ತಿ ಮಹಂತೇಶನನ್ನು ನೋಡಿದರು. ಅವನಿಗೆ ಆ ನೋಟವನ್ನು ಎದುರಿಸಲಾಗಲಿಲ್ಲ. ಎಷ್ಟು ಅರ್ಥವಾಯಿತೋ, ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಇದೆ ರೀ, ಇದೆ. ಕೆಳಗೆ ಇದೆ. ಕನ್ನಡಕ ಹಾಕ್ಕೊಂಡಿರ್ಲಿಲ್ಲ, ಅದಕ್ಕೇ ಕಾಣಲಿಲ್ಲ," ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಗೋಪಿನಾಥರು ಆಕೆಯ ದನಿ ಬಂದ ಕಡೆಗೆ ಕಿವಿ ತಿರುಗಿಸಿದರು. ಮೂವತ್ತು ವರ್ಷ ಆಕೆಯ ದನಿಯನ್ನೇ ನೋಡಿಕೊಂಡು ಬದುಕಿದವರು. ಆಮೇಲೆ ಮಹಂತೇಶನ ಕಡೆ ಮುಖ ತಿರುಗಿಸಿ, "ಯಾವ ಬಣ್ಣದಲ್ಲಿದೆಯಯ್ಯಾ ನನ್ನ ಹೆಸರು?" ಎಂದು ಕೇಳಿದರು.

ನೀಲಿ ಎಂದರಾಗುತ್ತಿತ್ತು, ಕೆಂಪು ಎಂದರಾಗುತ್ತಿತ್ತು. ಇವರಿಗೆ ಯಾವುದು ಹೇಳಿದರೂ ನಡೆಯುತ್ತದೆ ಎಂಬ ಯೋಚನೆಯೇ ಸುಳ್ಳು ಹೇಳದಂತೆ ಅವನನ್ನು ತಡೆಯಿತು.

"ಬಿಳಿ, ಸರ."

"ಹಿಂದಿನದು?"

"ಅದೂ ಬಿಳೀನೇ ಐತ್ರಿ, ಸರ."

ಕೆಳಗೆ ಗಲ್ಲಿಯಲ್ಲಿ ತರಕಾರಿಯವನು ಕೂಗುತ್ತಾ ಹೋದ. ಗೋಪಿನಾಥರು ಕೈ ಚಾಚಿ, ತಡವರಿಸದೆ ಯಂತ್ರವನ್ನು ನಿಲ್ಲಿಸಿದರು. "ತಿಂಡಿ ಆರಿಹೋಗುತ್ತೆ. ತಿನ್ನು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚಿನ ಸಂತೋಷವೂ ಇರಲಿಲ್ಲ. ಮಹಂತೇಶ ತಟ್ಟೆ ತೆಗೆದುಕೊಂಡ. ವಿಮಲಾ ಯಾವತ್ತಿನಂತೆ ಅವನಿಗೆಂದು ಗೋಡಂಬಿ ಆರಿಸಿ ಮೇಲೆ ಹಾಕಿದ್ದರು. ಅದನ್ನು ಕಂಡು ಅವನಿಗೆ ಅಳು ಬಂತು, ಅಳುವ ಯೋಗ್ಯತೆಯೂ ತನಗಿಲ್ಲವೆಂದು ನುಂಗಿಕೊಂಡ.

ಹನ್ನೊಂದು ಗಂಟೆಗೆ ಮೂವರು ಹುಡುಗರು ಬಂದು ಬಾಗಿಲ ಬಳಿ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತರು. ಮಹಂತೇಶ ಹೊರಡಲು ಎದ್ದ.

"ಹೋಗ್ಬೇಡ, ನಿಲ್ಲು," ಎಂದರು ಗೋಪಿನಾಥರು. ಆಮೇಲೆ ಹುಡುಗರ ಕಡೆ ತಿರುಗಿದರು. "ಇವನು ಮಹಂತೇಶ. ನನ್ನ ಹತ್ರ ಓದಿದವನು. ಬುಧವಾರದಿಂದ ಇವನೂ ಕ್ಲಾಸ್ ಶುರುಮಾಡ್ತಾನೆ. ಹೋಗಿ ಕೇಳಿ ನೋಡಿ, ಚೆನ್ನಾಗಿ ಹೇಳ್ತಾನೆ. ವಿಳಾಸ ಬರ್ಕೊಳಿ." ಮತ್ತೆ ಮಹಂತೇಶನಿಗೆ ಹೇಳಿದರು, "ಎಲ್ಲಿ ಅಂತ ನೀನೇ ಹೇಳಯ್ಯಾ. ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಿಸಲಿ."

ಮಹಂತೇಶ ಬಾಯಿ ತೆರೆದ. ಮುಂದೆ ಕೂತಿದ್ದ ಹುಡುಗ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ, ಪೆನ್ನಿನ ಮುಚ್ಚಳ ತೆಗೆದು, ಅವನ ಮುಖವನ್ನೇ ನೋಡುತ್ತಾ ಕಾದು ಕೂತ.