ಅಕ್ಕನ ಕಸದ ಫೋಲ್ಡರ್

ಹಳೆಯ ಹಾರ್ಡ್ ಡಿಸ್ಕ್ ಮತ್ತೆ ಟಿಕ್ ಎಂದಿತು. ಗುಬ್ಬಿ ಕುರ್ಚಿಯ ತುದಿಗೆ ಸರಿದಳು.

ಗುಬ್ಬಿ ಎಂದರೆ ನಲವತ್ತು ದಾಟಿದ, ಮೈಕೈ ತುಂಬಿಕೊಂಡ ಹೆಂಗಸು. ಆ ಹೆಸರು ಅಕ್ಕ ಇಟ್ಟದ್ದು, ಅಕ್ಕ ಮಾತ್ರ ಕರೆಯುತ್ತಿದ್ದದ್ದು. ಈಗ ಹಾಗೆ ಕರೆಯುವವರಿಲ್ಲ. ಅಕ್ಕ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾಳೆ, ಆದರೆ ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದಾರೆ. ಹೌದು ಎನ್ನಲು ಮೇಜಿನ ಮೇಲೆ ಒಮ್ಮೆ ತಟ್ಟುತ್ತಾಳೆ, ಇಲ್ಲ ಎನ್ನಲು ಎರಡು ಸಲ. ಕೋಪ ಬಂದರೆ ಮಾತ್ರ ಮೊಬೈಲಿನಲ್ಲಿ ಬರೆದು ಮೂಗಿನ ಮುಂದೆ ಹಿಡಿಯುತ್ತಾಳೆ.

ವರ್ಷಾನುಗಟ್ಟಲೆ ಊರಿನ ರೈಲುಗಳೆಲ್ಲ ಅಕ್ಕ ಹೇಳಿದ ಮೇಲೆಯೇ ಬಂದು ಹೋಗುತ್ತಿದ್ದವು. ಹೊರಗಿನ ಸದ್ದು ಬಾರದಂತೆ ಹಿಂದಿನ ಕೋಣೆಯ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು, ಬಾಗಿಲ ಮೇಲೆ ಕೆಂಪು ದೀಪ ಹಾಕಿಕೊಂಡು, ಸ್ಟೇಷನ್ನಿನ ಪ್ರಕಟಣೆಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಚೆನ್ನಾಗಿ ಬಂದದ್ದು 'ಸರಿ' ಎಂಬ ಫೋಲ್ಡರಿಗೆ, ನಡುವೆ ಬೇರೆ ಮಾತು ಬೆರೆತು ಕೆಟ್ಟದ್ದು 'ಕಸ'ಕ್ಕೆ. ಹರಿದ ಚೀಲವನ್ನೂ ಮಡಚಿಡುವ ಅಕ್ಕ ಯಾವುದನ್ನೂ ಅಳಿಸಿದವಳಲ್ಲ.

ಆಸ್ಪತ್ರೆಯವರು ಒಂದು ಯಂತ್ರ ಕೊಡುತ್ತಾರಂತೆ. ಬೆರಳಲ್ಲಿ ಬರೆದದ್ದನ್ನು ಅದು ಬಾಯಿಬಿಟ್ಟು ಹೇಳುತ್ತದೆ. ಹಳೆಯ ರೆಕಾರ್ಡಿಂಗ್ ತಂದುಕೊಟ್ಟರೆ ಅಕ್ಕನದೇ ಧ್ವನಿಯಲ್ಲಿ, ಇಲ್ಲವಾದರೆ ಯಾರದೋ ಧ್ವನಿಯಲ್ಲಿ. ಸ್ಟೇಷನ್ನಿನವರು ಹೊಸ ಧ್ವನಿ ಹಾಕಿಕೊಂಡ ದಿನವೇ ಹಳೆಯದನ್ನು ಒರೆಸಿಹಾಕಿದ್ದರು. ಉಳಿದದ್ದು ಮನೆಯ ಎರಡು ಹಳೆಯ ಡಿಸ್ಕುಗಳು. ಒಂದು ಉಸಿರೇ ಎತ್ತಲಿಲ್ಲ. ಇನ್ನೊಂದನ್ನು ಕಿವಿಗೆ ಹಿಡಿದು ರಿಪೇರಿಯವನು ಮುಖ ಸಪ್ಪಗೆ ಮಾಡಿದ್ದ.

"ಇನ್ನೊಂದು ಸಲ ತಿರುಗಿದ್ರೆ ನಿಮ್ಮ ಪುಣ್ಯ. ಬೇಕಾದ್ದನ್ನ ಮೊದ್ಲು ಎಳ್ಕೊಳ್ಳಿ. ನಿಂತುಹೋದ್ರೆ ಆಸೆ ಬಿಟ್ಬಿಡಿ."

ಬೆಳಗಿನಿಂದ ಗುಬ್ಬಿ ಒಂದು ತುತ್ತು ತಿಂದಿರಲಿಲ್ಲ. ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, 'ಸರಿ' ಫೋಲ್ಡರನ್ನು ಎಳೆದು ಬಿಟ್ಟಿದ್ದಳು. ಪರದೆಯ ಮೇಲಿನ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತಿತ್ತು.

ಅಕ್ಕ ಎರಡು ಸಲ ತಟ್ಟಿದಳು.

"ಏನಕ್ಕಾ? ಬರ್ತಾ ಇದೆಯಲ್ಲ."

ಮತ್ತೆ ಎರಡು ಸಲ. ಅವಳ ಬೆರಳು ಪರದೆಯ ಮೇಲೆ 'ಕಸ'ವನ್ನು ತೋರಿಸುತ್ತಿತ್ತು.

"ಅದನ್ನ ಆಮೇಲೆ ನೋಡೋಣ. ಹೊಸ ಮನೆಗೆ ಯಾರಾದ್ರೂ ಮೊದ್ಲು ಕಸ ಹೊತ್ಕೊಂಡು ಹೋಗ್ತಾರಾ?"

ಟಿಕ್. ಟಿಕ್. ಪಟ್ಟಿ ನಿಂತೇಬಿಟ್ಟಿತು. ಗುಬ್ಬಿ ಇದ್ದಬದ್ದ ದೇವರಿಗೆಲ್ಲ ಹರಕೆ ಹೊರುವಷ್ಟರಲ್ಲಿ ಪಟ್ಟಿ ಮತ್ತೆ ಅಲುಗಿತು.

ಅಷ್ಟರಲ್ಲಿ ಮೊಬೈಲು ಮೂಗಿನ ಮುಂದೆ ಬಂತು. 'ನಿನ್ನ ಊಟಕ್ಕೆ ಕರೆಯೋಕೂ ಸ್ಟೇಷನ್ ಧ್ವನೀಲೇ ಕರೀಬೇಕಾ? ನನ್ನ ಮನೇಲಿ ರೈಲು ಬೇಡ.'

ಗುಬ್ಬಿಗೆ ನಗುವೂ ಬಂತು, ಮೈಯೂ ಉರಿಯಿತು. "ಹಟ ಮಾಡ್ಬೇಡ! ಸ್ಪಷ್ಟವಾಗಿರೋದೇ ಬೇಕು ಅಂದಿದ್ದಾರೆ ಆಸ್ಪತ್ರೆಯವರು. ಇದನ್ನ ನಿಲ್ಲಿಸಿ, ಡಿಸ್ಕೂ ಕೈಕೊಟ್ರೆ? ಜನ್ಮವಿಡೀ ಯಾರದೋ ಗಂಟಲಲ್ಲಿ ಮಾತಾಡ್ತೀಯಾ?"

ಅಕ್ಕ ಮೌಸಿನ ಮೇಲಿದ್ದ ತಂಗಿಯ ಕೈಯನ್ನು ಹಿಡಿದುಕೊಂಡಳು. ಗುಬ್ಬಿಗೆ ನಾಚಿಕೆಯಾಯಿತು. ಧ್ವನಿ ಹೋದದ್ದು ಅಕ್ಕನದು, ತೀರ್ಮಾನ ಮಾತ್ರ ತನ್ನದು ಎಂದರೆ ಯಾವ ನ್ಯಾಯ?

ಕಣ್ಣು ಮುಚ್ಚಿ 'ಸರಿ'ಯನ್ನು ಅರ್ಧಕ್ಕೇ ನಿಲ್ಲಿಸಿ, 'ಕಸ'ವನ್ನು ಎಳೆದಳು.

ಒಂದು ಫೈಲು ಬಂತು. ಎರಡನೆಯದು ಬರುತ್ತಿದ್ದ ಹಾಗೆ ಡಿಸ್ಕು ಕರ್ರ್ ಎಂದು ಕೆರೆದು ನಿಂತುಹೋಯಿತು. ಗುಬ್ಬಿ ವೈರು ಕಿತ್ತಳು, ಚುಚ್ಚಿದಳು, ಮತ್ತೆ ಕಿತ್ತಳು. ಡಿಸ್ಕು ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಮುಗೀತಲ್ಲ ಅಕ್ಕಾ," ಎಂದಳು. ಅರ್ಧ 'ಸರಿ', ಒಂದೇ ಒಂದು ಕಸ. ಯಂತ್ರಕ್ಕೆ ಇಷ್ಟು ಸಾಕೋ ಇಲ್ಲವೋ ದೇವರೇ ಬಲ್ಲ.

ಅಕ್ಕ ಆ ಕಸದ ಫೈಲಿನ ಮೇಲೆ ಬೆರಳಿಟ್ಟಳು. ಗುಬ್ಬಿ ಒತ್ತಿದಳು.

'ಪ್ರಯಾಣಿಕರ ಗಮನಕ್ಕೆ. ಮೂರನೇ ಪ್ಲಾಟ್‌ಫಾರ್ಮಿಗೆ ಬರಲಿರುವ…' ಅಷ್ಟರಲ್ಲಿ ರೆಕಾರ್ಡಿಂಗಿನೊಳಗೇ ಬಾಗಿಲು ಕಿರ್ ಎಂದ ಸದ್ದು.

'ಗುಬ್ಬೀ! ಕೆಂಪು ದೀಪ ಉರೀತಿದ್ರೆ ಒಳಗೆ ಬರ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು? ನಿನ್ನಿಂದ ಇದೂ ಕಸಕ್ಕೆ ಹೋಯ್ತು.' ಕುರ್ಚಿ ಸರಿದ ಸದ್ದು. 'ಯಾಕೇ, ಮುಖ ಯಾಕೆ ಹಾಗಿದೆ? ಬಾ ಇಲ್ಲಿ, ಕೂತ್ಕೋ. ಊಟ ಆಯ್ತಾ?'

ಗುಬ್ಬಿ ಮೇಜಿನ ಮೇಲೆ ಎರಡು ಸಲ ತಟ್ಟಿದಳು.

ಅಕ್ಕ ಎದ್ದು ಅಡುಗೆಮನೆಗೆ ಹೋದಳು.